ಅಪ್ಪನ ಮಾತಿನ ಒಂದೇ ಸೀಡಿ

ನನ್ನಂಥ ದಡ್ಡ ಹೊಸಪೇಟೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಒಂದು ಸೀಡಿ ಕಾಪಿ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ತಿಂಗಳುಗಟ್ಟಲೆ ಹುಡುಕಿದವನು ನಾನು.

ಅಪ್ಪ ದೋಣಿಮಲೈಯಲ್ಲಿ ಗಣಿಯ ಸ್ಟಾಫ್ ಬಸ್ ಓಡಿಸುತ್ತಿದ್ದ. ನಿವೃತ್ತಿಯ ದಿನ ಹಾರ ಹಾಕಿ, ಕೈಗೆ ಮೈಕ್ ಕೊಟ್ಟರು. ಅಜ್ಜಿಗೆ ಹುಷಾರಿಲ್ಲವೆಂದು ಅವ್ವ ಅವತ್ತು ಕಂಪ್ಲಿಗೆ ಹೋಗಿದ್ದಳು. ಅವಳು ವಾಪಸು ಬಂದಾಗ ಅಪ್ಪನ ಜೊತೆಯ ಡ್ರೈವರ್ ಒಬ್ಬರು ಹೇಳಿದರು, “ಅಕ್ಕಾರ, ನಿಮ್ಮ ಬಗ್ಗೇನ ಮಾತಾಡಿದ್ರು ನೋಡ್ರಿ. ಕೇಳಿದೋರಿಗೆಲ್ಲ ಕಣ್ಣಾಗ ನೀರು ಬಂತು.”

ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎನ್ನುವುದನ್ನು ಬಿಟ್ಟರೆ ಜೀವಮಾನದಲ್ಲಿ ಅವ್ವನ ಬಗ್ಗೆ ಒಂದು ಮಾತೂ ಆಡದ ಮನುಷ್ಯ! ಅವ್ವ ಕೇಳಿದರೆ, “ಏನೋ ಅಂದೆ, ಬಿಡು” ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ನನ್ನನ್ನು ಕೇಳಿದರೆ, “ಸೀಡಿ ಬರತೈತಲ್ಲವ್ವಾ, ಅದರಾಗ ನೋಡು” ಎಂದಿದ್ದೆ. ಅವತ್ತು ಚಿತ್ರ ತೆಗೆದ ಸಂಡೂರಿನ ವಿಡಿಯೋದವನು ಕೊಟ್ಟ ಸೀಡಿಯನ್ನು ಅಪ್ಪ ಹಾಕಲೂ ಬಿಡಲಿಲ್ಲ, ಅಷ್ಟು ನಾಚಿಕೆ. ನಾಲ್ಕು ತಿಂಗಳಿಗೆ ಎದೆನೋವು ಬಂದು ತೀರಿಕೊಂಡ.

“ಇರೋದು ಒಂದ ಐತಿ. ಮೊದ್ಲು ಕಾಪಿ ಮಾಡು. ನಿಮ್ಮಪ್ಪನ ವರ್ಷದ ದಿನ ಎಲ್ಲಾರೂ ಕುಂತು ನೋಡೋಣು” ಎಂದಳು ಅವ್ವ.

ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಅದರಲ್ಲಿ ಸೀಡಿ ರೈಟರ್ ಇತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಸಾಫ್ಟ್‌ವೇರ್ ಮೂವತ್ತು ದಿನ ಪುಕ್ಕಟೆ ನಡೆದು ಆಮೇಲೆ ಮುಷ್ಕರ ಹೂಡಿತು. ಗೆಳೆಯ ಕೊಟ್ಟ ಕಳ್ಳ ಪ್ರತಿ ವೈರಸ್ ತಂದು ಕಂಪ್ಯೂಟರನ್ನೇ ಮಲಗಿಸಿತು. ಇನ್ನೊಂದು ಪುಟ್ಟದು, ಪೂರ್ತಿ ಉಚಿತ, ಒಂದೇ ಗುಂಡಿ ಒತ್ತಿದರೆ ಮುಗಿಯಿತು. ಅಷ್ಟು ಸುಲಭದ್ದನ್ನು ನಂಬುವುದು ಹೇಗೆಂದು ನಾನೇ ತೆಗೆದುಹಾಕಿದೆ. ಅವ್ವ ಕೇಳಿದಾಗಲೆಲ್ಲ, “ತಡಿಯವ್ವಾ, ಇದೇನು ದ್ವಾಸಿ ಹುಯ್ದಂಗಾ?” ಎನ್ನುತ್ತಿದ್ದೆ. ಎಂಥ ಸೊಕ್ಕು ನನ್ನದು!

ಅವಳು ಸೀಡಿಯನ್ನು ಕವರಿನಿಂದ ತೆಗೆದು ದೇವರ ಜಗಲಿಯ ಮೇಲೆ ಅಪ್ಪನ ಫೋಟೋಕ್ಕೆ ಒರಗಿಸಿದಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಫೋಟೋಕ್ಕೆ ಹಚ್ಚಿದ ಹಾಗೆಯೇ ಅದಕ್ಕೂ ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆಯುವಳು. ಹಿಂದಿನ ದಿನದ್ದನ್ನು ಬಟ್ಟೆಯಿಂದ ತಿಕ್ಕಿ ತೆಗೆಯುವಳು. ಕೆಳಗಿನ ಹೊಳೆಯುವ ಮೈ ಮುಟ್ಟಬೇಡ, ಮೇಲೆ ಎಲ್ಲಿ ಬೇಕಾದರೂ ಹಚ್ಚು ಎಂದು ನಾನೇ ಹೇಳಿಕೊಟ್ಟಿದ್ದೆ.

ವರ್ಷಕ್ಕೆ ಎರಡು ದಿನ ಉಳಿದಾಗ, ಎಲ್ಲಕ್ಕಿಂತ ಒಳ್ಳೆಯದೆನ್ನುವ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತಂದೆ. ಸೀಡಿಯನ್ನು ಬೆಳಕಿಗೆ ಹಿಡಿದರೆ ಅಂಚಿನ ಕಡೆಯ ಪದರವೆಲ್ಲ ಚಕ್ಕೆ ಎದ್ದು ಹೋಗಿತ್ತು. ಚಿತ್ರ, ಮಾತು ಎಲ್ಲ ಇರುವುದು ಆ ಮೇಲಿನ ತೆಳು ಪದರದಲ್ಲೇ ಎಂಬುದು ಅವತ್ತು ತಿಳಿಯಿತು. ಇದ್ದಬದ್ದ ಸಾಫ್ಟ್‌ವೇರ್ ಎಲ್ಲ ಹಾಕಿ ನೋಡಿದೆ. ಸೀಡಿ ನಡುವಿನಿಂದ ಅಂಚಿನ ಕಡೆಗೆ ಓಡುವುದರಿಂದ ಸಿಕ್ಕಿದ್ದು ಮೊದಲರ್ಧ: ಸ್ವಾಗತ, ಸಾಹೇಬರ ಭಾಷಣ, ಹಾರ. ಅಪ್ಪ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಳ್ಳುತ್ತಾನೆ, ಅಲ್ಲಿಗೆ ಚಿತ್ರ ನಿಲ್ಲುತ್ತದೆ.

ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು. “ಸೀಡಿಗೆ ಯಾರರ ಪೂಜಿ ಮಾಡ್ತಾರೇನವ್ವಾ? ಹಾಳು ಮಾಡಿಟ್ಟಿ!”

“ನೀನು ಇವತ್ತು, ನಾಳೆ ಅಂದಿ. ನನಗ ಬರೋದು ನಾ ಮಾಡಿದೆ” ಎಂದಳು.

ಸಂಡೂರಿಗೆ ಓಡಿದೆ, ವಿಡಿಯೋದವನು ಆ ಟೇಪಿನ ಮೇಲೆ ಯಾರದೋ ಮದುವೆ ತೆಗೆದುಬಿಟ್ಟಿದ್ದ. ಅಪ್ಪನ ಜೊತೆಯ ಆ ಡ್ರೈವರನ್ನು ಹುಡುಕಿಕೊಂಡು ಹೋದೆ. “ಭಾಳ ಚಲೋ ಮಾತಾಡಿದ್ರಪಾ. ಏನಂದ್ರು ಅಂತ ಈಗ ನೆಪ್ಪಿಲ್ಲ” ಎಂದರು.

ವರ್ಷದ ದಿನ ಅವ್ವ ಕುಳಿತು ಆ ಅರ್ಧವನ್ನು ನೋಡಿದಳು, ನಾನು ಹಿಂದೆ ನಿಂತಿದ್ದೆ. ಅಪ್ಪ ಗಂಟಲು ಸರಿಮಾಡಿಕೊಂಡ, ಚಿತ್ರ ನಿಂತಿತು. ಅವಳು ನನ್ನ ಕಡೆ ತಿರುಗಿದಳು.

“ನೀ ಹೋಗಿದ್ದಿಯಲ್ಲಾ ಅವತ್ತು. ಏನಂದ್ರು, ನೀನ ಹೇಳು.”

ಅಪ್ಪ ಮಾತಾಡುವ ಹೊತ್ತಿಗೆ ನಾನು ಹೊರಗೆ ನಿಂತು ಗೆಳೆಯರ ಜೊತೆ ಮಿರ್ಚಿ ತಿನ್ನುತ್ತಿದ್ದೆ.