ಮಣ್ಣಿನ ಮಾಳಿಗೆಗೊಂದು ಸಾಲ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾದಾಗಿನಿಂದ ನಮ್ಮ ಮನೆಯ ಅಟ್ಟದ ಮೇಲೆ ಮಡಿಸಿಟ್ಟ ರಟ್ಟಿನ ಪೆಟ್ಟಿಗೆಗಳ ರಾಶಿಯೊಂದು ಇದ್ದೇ ಇದೆ. ಸರ್ಕಾರಿ ಡಾಕ್ಟರಿಗೆ ವರ್ಗದ ಆದೇಶ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಬಂದ ದಿನ ಪೆಟ್ಟಿಗೆ ಇರಬೇಕು, ಅಷ್ಟೆ. ತುಮಕೂರಿನ ಕಡೆ ಹುಟ್ಟಿದ ನಾನು ಚಾಮರಾಜನಗರ, ರಾಯಚೂರು ಎಲ್ಲ ಸುತ್ತಿ, ಕುಂದಗೋಳ ತಾಲ್ಲೂಕಿನಲ್ಲಿ ಸಂಶಿಯ ಪಕ್ಕದ ಒಂದು ಹಳ್ಳಿಯ ಆಸ್ಪತ್ರೆಗೆ ಬಂದು ಇಳಿದೆ. ಗಂಡ ಪ್ರಕಾಶನಿಗೆ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಾನೆ. ನಮಗೆ ಸಿಕ್ಕ ಬಾಡಿಗೆ ಮನೆ ಗೊಬ್ಬರದ ಅಂಗಡಿಯ ಮೇಲಿತ್ತು. ಯೂರಿಯಾದ ಘಾಟಿನಲ್ಲಿ ಚಹಾ ಕುಡಿಯುವುದನ್ನು ನಾನು ಅಲ್ಲಿಯೇ ಕಲಿತದ್ದು.

ಹೀಗಿರುವಾಗ ನೀಲವ್ವ ತನ್ನ ಮನೆ ಮಾರುತ್ತಾಳಂತೆ ಎಂಬ ಸುದ್ದಿ ಬಂತು. ನೀಲವ್ವ ಅಂಗನವಾಡಿಯಲ್ಲಿ ಊರಿನ ಅರ್ಧ ಜನಕ್ಕೆ ಅಕ್ಷರ ತೀಡಿಸಿ ನಿವೃತ್ತಳಾದವಳು. ಮಗಳು ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ಖಾನಾವಳಿ ಹಾಕಿದ್ದಳು. "ಆಕಿಗೆ ರೊಟ್ಟಿ ಬಡಿಯೂರು ಸಿಗವಲ್ರಂತ. ಇಲ್ಲಿ ಒಬ್ಬಾಕಿ ಕುಂತು ಏನ ಮಾಡ್ಲಿರಿ? ಹೋಗಿ ಗಲ್ಲಾದ ಮ್ಯಾಲೂ ಕುಂದರತೀನಿ, ಒಲಿ ಮುಂದೂ ಕುಂದರತೀನಿ," ಎಂದು ಆಕೆ ನಕ್ಕದ್ದು ನೋಡಿದರೆ, ಕೆಲಸ ಬಿಟ್ಟವಳಲ್ಲ, ಈಗಷ್ಟೇ ಕೆಲಸ ಸಿಕ್ಕವಳ ಹಾಗಿದ್ದಳು.

ಮನೆ ನೋಡಲು ಹೋದೆವು. ದಪ್ಪ ಗೋಡೆ, ಸಾಗವಾನಿಯ ಕಂಬ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಹಲಗೆಯ ಮೇಲೆ ಮಣ್ಣು ತುಳಿದು ಕೂರಿಸಿದ ಚಪ್ಪಟೆ ಸೂರು. ಹೊರಗೆ ಬಿಸಿಲು ಕುದಿಯುತ್ತಿದ್ದರೆ ನಡುಮನೆ ಬಾವಿಯ ಹಾಗೆ ತಣ್ಣಗಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ದುಂಡನೆಯ ಬಿಲ್ಲೆ ನೆಲಕ್ಕೆ ಬಿದ್ದಿತ್ತು. ಪ್ರಕಾಶ ಕಂಬಗಳನ್ನು ತಟ್ಟಿ, ಮೂಲೆಗಳನ್ನು ನೋಡಿ, ಗೆದ್ದಲು ಹುಡುಕಿದ. ನಾನು ಆ ಬಿಲ್ಲೆಯ ಪಕ್ಕ ಕೂತುಬಿಟ್ಟೆ. ಎದೆಬಡಿತ ಕೇಳಿ ಹೇಳುವುದು ನನ್ನ ವೃತ್ತಿ. ಅವತ್ತು ನನ್ನದೇ ಸರಿಯಿರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಟ್ಟಿದ ಮನೆ ಕೊಂಡು ನೋಡು ಎಂದು ಯಾಕೆ ಹೇಳಲಿಲ್ಲವೋ. ಕೊಂಡು ನೋಡಿದವರು ಬಹುಶಃ ಗಾದೆ ಹೇಳುವ ಸ್ಥಿತಿಯಲ್ಲಿ ಉಳಿದಿರಲಿಲ್ಲ.

ಬ್ಯಾಂಕಿಗೆ ಹೋದರೆ ಮ್ಯಾನೇಜರು ಎದ್ದು ನಿಂತು ಚಹಾ ತರಿಸಿದರು. ಡಾಕ್ಟರುಗಳಿಗೆಂದೇ ಬೇರೆ ಸಾಲವಿದೆಯಂತೆ, ಓಡಾಟ ಕಡಿಮೆಯಂತೆ. ನನಗೆ ನನ್ನ ವೃತ್ತಿಯ ಮೇಲೆ ಎಂದೂ ಇಲ್ಲದ ಹೆಮ್ಮೆ ಬಂತು. ಮನೆ ಎಲ್ಲಿ ಎಂದು ಹೇಳಿದ ಕೂಡಲೇ ಚಹಾ ಅರ್ಧಕ್ಕೇ ತಣ್ಣಗಾಯಿತು.

"ಹಳ್ಳ್ಯಾಗ? ಮಣ್ಣಿನ ಮಾಳಿಗಿ?" ಮ್ಯಾನೇಜರು ಕನ್ನಡಕ ತೆಗೆದರು. "ಮೇಡಂ, ಹುಬ್ಬಳ್ಳ್ಯಾಗ ಅಗದಿ ಚಲೋ ಫ್ಲಾಟ್ ಅದಾವ. ಹೂಂ ಅನ್ರಿ, ಸಾಲಕ್ಕ ನಾ ಜವಾಬ್ದಾರಿ."

"ರಾತ್ರಿ ಹೆರಿಗೆಗೆ ಬಂದವರು ಹುಬ್ಬಳ್ಳಿಗೆ ಬಂದು ನನ್ನನ್ನು ಎಬ್ಬಿಸೋದಕ್ಕೆ ಆಗಲ್ಲವಲ್ಲ ಸರ್," ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಅರ್ಜಿ ಮುಂದೆ ತಳ್ಳಿದರು.

ಆಮೇಲೆ ಶುರುವಾಯಿತು ನನ್ನ ತಪಾಸಣೆ. ಇಷ್ಟು ವರ್ಷ ಕಂಡಕಂಡವರನ್ನು "ಹಿಂದೆ ಏನಾದರೂ ಇತ್ತಾ? ಮನೆಯಲ್ಲಿ ಯಾರಿಗಾದರೂ ಇದೆಯಾ?" ಎಂದು ಕೇಳಿದ ಪಾಪವೆಲ್ಲ ನನಗೆ ತಿರುಗಿ ಬಂತು. ಬಡ್ಡಿಯಲ್ಲಿ ಸ್ಥಿರ ಬಡ್ಡಿ, ತೇಲುವ ಬಡ್ಡಿ ಎಂದು ಎರಡು ಬಗೆ. ಯಾವುದು ಬೇಕೆಂದು ಕೇಳಿದರು. ಬೇಸಿಗೆಯಲ್ಲಿ ಹಳ್ಳಗಳೇ ಒಣಗುವ ಈ ಸೀಮೆಯಲ್ಲಿ ಏನು ತೇಲೀತು ಎಂದು ನಗಲು ಹೋದೆ. ಅದು ಏರುತ್ತ ಇಳಿಯುತ್ತ ಇರುತ್ತದೆ ಎಂದು ಅವರು ವಿವರಿಸಿದಾಗ ತಿಳಿಯಿತು, ಇದು ನನಗೆ ಚೆನ್ನಾಗಿ ಗೊತ್ತಿರುವ ಪ್ರಾಣಿ, ರಕ್ತದೊತ್ತಡದ ತಮ್ಮ. ತೇಲುವುದನ್ನೇ ತೆಗೆದುಕೊಂಡೆವು. ಸಾಲದ ಜೊತೆಗೊಂದು ವಿಮೆ, ವಿಮೆಗೊಂದು ಆರೋಗ್ಯ ತಪಾಸಣೆ. ನನ್ನ ಆರೋಗ್ಯಕ್ಕೆ ನಾನೇ ಸರ್ಟಿಫಿಕೇಟ್ ಕೊಡುವ ಹಾಗಿಲ್ಲವಂತೆ. ನನಗಿಂತ ಕಿರಿಯ ಡಾಕ್ಟರೊಬ್ಬ ನನ್ನ ನಾಲಿಗೆ ಹೊರಗೆ ಹಾಕಿಸಿದ.

ಕನ್ನಡದ ಕಾಗದಗಳಲ್ಲಿ ಪುಟಪುಟಕ್ಕೂ ‘ಅಡಮಾನ’ ಎಂಬ ಮಾತು. ಅಡ ಇಡುವುದೆಂದರೆ ಒತ್ತೆ ಇಡುವುದು, ಅದು ಸರಿ. ಬಾಲದಲ್ಲಿರುವ ‘ಮಾನ’ ಅಳತೆಯೋ ಮರ್ಯಾದೆಯೋ, ಪಂಡಿತರು ಹೇಳಬೇಕು. ನನ್ನಜ್ಜಿಯಂತೂ ಮರ್ಯಾದೆಯೇ ಎಂದು ನಂಬಿದ್ದವಳು. ಸಾಲ ತಂದವರ ಮನೆಯ ಮುಂದೆ ಹಾದುಹೋಗುವಾಗ, ಒಳಗೆ ಯಾರಿಗೋ ಕಾಯಿಲೆಯಾಗಿದೆ ಎಂಬಂತೆ ದನಿ ತಗ್ಗಿಸುತ್ತಿದ್ದಳು. ಬ್ಯಾಂಕು ಕಳಿಸಿದ ಇಂಜಿನಿಯರು ಬಂದು, ಜಾಗಕ್ಕೆ ಬೆಲೆಯಿದೆ, ಮಾಳಿಗೆಗೆ ಬೆಲೆಯಿಲ್ಲ ಎಂದು ಬರೆದುಕೊಂಡು, ಹೊರಡುವ ಮುಂಚೆ ಅದೇ ಮಾಳಿಗೆಯ ಕೆಳಗೆ ಚಾಪೆ ಹಾಸಿ ಸೊಗಸಾದ ಒಂದು ನಿದ್ದೆ ತೆಗೆದರು.

ಸಾಲ ಸಿಕ್ಕಿದಂತೆಯೇ ಎಂದುಕೊಳ್ಳುವಾಗ ಬ್ಯಾಂಕಿನ ವಕೀಲರು ಗಾಡಿ ನಿಲ್ಲಿಸಿದರು. ಪಂಚಾಯತಿಯಲ್ಲಿ ಮನೆ ನೀಲವ್ವನ ಹೆಸರಿಗೆ ಇದ್ದರೂ ಅದು ಅವಳ ಅಪ್ಪನ ಮನೆ. ಅವಳಿಗೊಬ್ಬ ಅಣ್ಣನಿದ್ದಾನೆ. ಅವನೂ ಒಪ್ಪಿ ಸಹಿ ಹಾಕಬೇಕು, ಇಲ್ಲದಿದ್ದರೆ ಸಾಲವಿಲ್ಲ.

ನೀಲವ್ವನ ಮುಖದ ನಗು ಮೊದಲ ಸಲ ಆರಿದ್ದನ್ನು ನೋಡಿದೆ. "ಅಂವಾ ನನ್ನ ಕೂಡ ಮಾತಾಡೂದಿಲ್ಲರಿ. ಅವ್ವ ಹೋದಾಗಿಂದ. ಬ್ಯಾರೆ ಮನಿ ನೋಡ್ರಿ ಬಾಯಾರ," ಎಂದಳು. ಹತ್ತಿ ವ್ಯಾಪಾರಿಯೊಬ್ಬ ಗೋದಾಮಿಗೆಂದು ಆ ಮನೆಯನ್ನು ಆಗಲೇ ಕೇಳಿದ್ದ. ಅವನಿಗೆ ಬ್ಯಾಂಕು ಬೇಡ, ವಕೀಲರೂ ಬೇಡ.

ಭಾನುವಾರ ನಾನೂ ಪ್ರಕಾಶನೂ ಬೈಕಿನಲ್ಲಿ ಮಿಶ್ರಿಕೋಟಿಗೆ ಹೊರಟೆವು. ನೀಲವ್ವನ ಅಣ್ಣ ಫಕೀರಪ್ಪ ಹೆಂಡತಿಯ ಊರಾದ ಅಲ್ಲಿಯೇ ನೆಲೆ ನಿಂತಿದ್ದ. ಹುಬ್ಬಳ್ಳಿ ದಾಟಿದ ಮೇಲೆ ಎರೆಮಣ್ಣು ಕೆಂಪಾಗುತ್ತ ಹೋಗಿ ಭತ್ತದ ಗದ್ದೆಗಳು ಶುರುವಾದವು. ಫಕೀರಪ್ಪ ಗದ್ದೆಯ ಬದುವಿನ ಮೇಲೆಯೇ ಸಿಕ್ಕ. ನಾವು ಬಂದ ಕೆಲಸ ಹೇಳಿದೆವು. ಅವನು ಕೇಳಿಸಿಕೊಂಡು ಬಹಳ ಹೊತ್ತು ಕೆಸರಿನ ಕಾಲನ್ನೇ ತೊಳೆಯುತ್ತ ಕೂತ.

"ನೀವು ಡಾಕ್ಟರ್ ಅದೀರಿ. ನನಗೊಂದು ಹೇಳ್ರಿ," ಎಂದ ಕೊನೆಗೆ. "ನಮ್ಮವ್ವಗ ಉಸಿರು ಹತ್ತಿತ್ತು. ನಾ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಒಯ್ಯೂಣು ಅಂದೆ. ನೀಲವ್ವ ಬ್ಯಾಡ ಅಂದ್ಲು. ಅವ್ವ ಮನ್ಯಾಗ ಸಾಯ್ತೀನಿ ಅಂದಾಳ ಅಂತ ಹಟ ಹಿಡದ್ಲು. ಅವಾಗ ಊರಾಗ ಉಳಿಯೂ ಡಾಕ್ಟರ್ ಯಾರೂ ಇದ್ದಿಲ್ಲ, ಕೇಳೂಣಂದ್ರ. ಒಯ್ದಿದ್ರ ಅವ್ವ ಉಳೀತಿದ್ಲೇನ್ರಿ?"

ನಾನು ಆ ತಾಯಿಯನ್ನು ನೋಡಿದವಳಲ್ಲ. ಉಳಿಯುತ್ತಿರಲಿಲ್ಲ ಎಂದುಬಿಟ್ಟಿದ್ದರೆ ಸಹಿ ಅಲ್ಲಿಯೇ ಸಿಗುತ್ತಿತ್ತೇನೋ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒಂದು ಮನೆಗೋಸ್ಕರ ಹೇಳುವ ಸುಳ್ಳಲ್ಲ ಅದು. ಅವಳ ವಯಸ್ಸು, ಎಷ್ಟು ವರ್ಷದಿಂದ ಕಾಯಿಲೆ, ಕಾಲಿನ ಬಾವು, ಕೊನೆಯ ತಿಂಗಳು ಹೇಗಿದ್ದಳು, ಎಲ್ಲ ಕೇಳಿದೆ. ಅವನು ಒಂದೊಂದೇ ನೆನೆದು ಹೇಳಿದ.

"ನಾನು ಅಲ್ಲಿರಲಿಲ್ಲ ಕಾಕಾ, ಖಂಡಿತವಾಗಿ ಹೇಳಲಾರೆ," ಎಂದೆ. "ನೀವು ಹೇಳಿದ್ದನ್ನು ಕೇಳಿದರೆ ಹೃದಯ ತುಂಬ ದಣಿದಿತ್ತು. ಒಯ್ದಿದ್ದರೆ ಇನ್ನೊಂದಷ್ಟು ದಿನ ಇರುತ್ತಿದ್ದರೇನೋ, ಮಷೀನಿನ ಆಸರೆಯಲ್ಲಿ. ಉಳಿಯದೆಯೂ ಇರಬಹುದಿತ್ತು. ನೀವು ಒಯ್ಯೋಣ ಅಂದದ್ದು ತಪ್ಪಲ್ಲ. ನಿಮ್ಮ ತಂಗಿ ಬೇಡ ಅಂದದ್ದೂ ತಪ್ಪಲ್ಲ. ಇಬ್ಬರೂ ಅವ್ವನನ್ನೇ ನೋಡಿ ಹೇಳಿದ ಮಾತು ಅದು."

ಫಕೀರಪ್ಪ ಬದುವಿನಿಂದ ಎದ್ದ. ಮನೆಗೆ ಕರೆದೊಯ್ದು ಅವಲಕ್ಕಿ ಕೊಟ್ಟ. ನಾವು ಬೈಕು ಹತ್ತುವಾಗ ಕೇಳಿದ: "ಆ ಮನ್ಯಾಗ ನೀವು ಸ್ವತಾ ಇರ್ತೀರಿ? ರಾತ್ರಿನೂ?"

"ರಾತ್ರಿಯೂ," ಎಂದೆ.

"ಹಂಗಾರ ತಾರೀಕು ತಿಳಸ್ರಿ."

ಕುಂದಗೋಳದ ನೋಂದಣಿ ಕಚೇರಿಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನೀಲವ್ವ ಒಂದು ಬೆಂಚಿನ ಈ ತುದಿ, ಅವನು ಆ ತುದಿ. ನಡುವೆ ನಾವಿಬ್ಬರು, ಗಡಿ ಕಾಯುವವರ ಹಾಗೆ. ಬೇಗ ಸಹಿಯಾಗಿ ಇಬ್ಬರೂ ತಮ್ಮ ತಮ್ಮ ಬಸ್ಸು ಹಿಡಿದಾರು ಎಂದುಕೊಂಡಿದ್ದೆ. ಅಷ್ಟರಲ್ಲಿ ಒಳಗಿನಿಂದ ಸುದ್ದಿ ಬಂತು: ಸರ್ವರ್ ಬಂದ್ ಆಗಿದೆ.

ಸರ್ವರ್ ಬಂದ್ ಆದದ್ದಕ್ಕೆ ಕೃತಜ್ಞಳಾದವಳು ಈ ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು. ಹನ್ನೊಂದಾಯಿತು, ಒಂದಾಯಿತು. ಫ್ಯಾನು ತಿರುಗಿತು, ನಿಂತಿತು. ಮಧ್ಯಾಹ್ನ ನೀಲವ್ವ ಚೀಲದಿಂದ ರೊಟ್ಟಿಯ ಗಂಟು ತೆಗೆದು ಬಿಚ್ಚಿದಳು. ನಮಗೆ ಕೊಟ್ಟಳು. ಆಮೇಲೆ ಎರಡು ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣಿಗಾಯಿ ಹಾಕಿ, ಎದ್ದು ಹೋಗಿ ಅಣ್ಣನ ಮುಂದೆ ಹಿಡಿದಳು. ಅವನು ಗೋಡೆ ನೋಡಿದ.

"ಉಣ್ಣಪಾ. ಉಂಡ ಮ್ಯಾಲ ಸಿಟ್ಟ ಮಾಡು," ಎಂದಳು.

ಅವನು ಕೈಯೊಡ್ಡಿದ. ಒಂದು ತುತ್ತು, ಎರಡು ತುತ್ತು. ಬೆಂಚಿನ ಮೇಲಿನ ಅಷ್ಟೂ ಜನ ನಮ್ಮ ರೊಟ್ಟಿಯನ್ನು ಮರೆತು ಅವನ ಬಾಯಿ ನೋಡುತ್ತಿದ್ದೆವು.

"ಉಪ್ಪ ಕಡಿಮಿ ಆಗೇತಿ," ಎಂದ ಫಕೀರಪ್ಪ.

"ನಿನಗ ಬಿಪಿ ಐತಂತ, ಕೇಳೀನಿ," ಎಂದಳು ನೀಲವ್ವ.

ಅವನ ಕೈ ನಿಂತಿತು. ಮಾತಾಡದ ಇಷ್ಟು ವರ್ಷವೂ ತಂಗಿ ಯಾರ್ಯಾರನ್ನೋ ಕೇಳಿ ತನ್ನ ಆರೋಗ್ಯದ ಲೆಕ್ಕ ಇಟ್ಟುಕೊಂಡು ಬಂದಿದ್ದಾಳೆ ಎಂಬುದು ಅವನ ಮುಖದ ಮೇಲೆ ನಿಧಾನಕ್ಕೆ ಇಳಿದದ್ದನ್ನು ನಾನು ಕಂಡೆ. ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ನೀಲವ್ವ ಕೂತಳು. ಸಂಜೆಯ ಹೊತ್ತಿಗೆ ಸರ್ವರ್ ಸರಿಹೋಗಿ, ಒಳಗಿನಿಂದ ನಮ್ಮ ಹೆಸರು ಕೂಗಿದಾಗ ಅವರಿಬ್ಬರೂ ಅವ್ವನ ಯಾವುದೋ ಮಾತು ನೆನೆದು ನಗುತ್ತಿದ್ದರು. ಗುಮಾಸ್ತ ಎರಡನೇ ಸಲ ಕೂಗಬೇಕಾಯಿತು. ದೇವಿಕೊಪ್ಪಕ್ಕೆ ಹೋದ ಮೇಲೆ ನೀಲವ್ವನಿಗೆ ಅಣ್ಣನ ಊರು ಇಲ್ಲಿಗಿಂತ ಬಹಳ ಹತ್ತಿರ. ಖಾನಾವಳಿಗೆ ಅಕ್ಕಿ ಈಗ ಫಕೀರಪ್ಪನ ಗದ್ದೆಯದೇ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು.

ಅವತ್ತಿನಿಂದ ನನಗೆ ಬ್ಯಾಂಕಿನ ವಕೀಲರ ಮೇಲೆ ಸಿಟ್ಟಿಲ್ಲ. ಅವರು ಕೇಳಿದ್ದು ಒಂದು ಸಹಿ, ಅಷ್ಟೆ. ಅಣ್ಣ ತಂಗಿಯ ಮಾತು ಅದರ ಜೊತೆಗೆ ಪುಕ್ಕಟೆಯಾಗಿ ಬಂತು. ನಾವು ಡಾಕ್ಟರುಗಳೂ ಹೀಗೆಯೇ, ಕೆಮ್ಮಿಗೆ ಔಷಧಿ ಕೊಟ್ಟಾಗ ನಿದ್ದೆಯೂ ಬಂತು ಎಂದು ರೋಗಿ ಹೇಳಿದರೆ ನಮ್ಮದೇ ಜಾಣತನ ಎಂಬಂತೆ ತಲೆಯಾಡಿಸುತ್ತೇವೆ.

ಮನೆಗೆ ಬಂದಾಯಿತು. ಮೊದಲ ಮಳೆಗೆ ಮಾಳಿಗೆ ಒಂದು ಮೂಲೆಯಲ್ಲಿ ಸೋರಿತು. ಓಣಿಯವರು ಬಂದು ಮಣ್ಣು ಹಾಕಿ ತುಳಿಯುವುದನ್ನು ಕಲಿಸಿದರು. ನಾಳೆ ವರ್ಗವಾದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಆಗಬಹುದು. ಪ್ರಕಾಶ ದಿನಾ ಹುಬ್ಬಳ್ಳಿಗೆ ಹೋಗಿ ಬಂದ ಹಾಗೆ ನಾನೂ ಎಲ್ಲಿಗೋ ಹೋಗಿ ಬಂದೇನು. ಬರುವುದಕ್ಕೆ ಒಂದು ಜಾಗವಿದ್ದರೆ ಹೋಗುವುದು ಅಷ್ಟು ಕಷ್ಟವಲ್ಲ.

ಕಳೆದ ವಾರ ಆಸ್ಪತ್ರೆಗೆ ಕುರಿ ಕಾಯುವ ಹನಮಂತಪ್ಪ ಬಂದ. ರಕ್ತದಲ್ಲಿ ಸಕ್ಕರೆ ವಿಪರೀತ. ಜೀವನಪೂರ್ತಿ ಗುಳಿಗೆ ಎಂದರೆ ಕಂಬಳಿ ಕೊಡವಿ ಎದ್ದು ಹೋಗುವ ಆಸಾಮಿ. "ಡಾಕ್ಟರಂದ್ರ ನಮ್ಮಂಗ, ಮೇವು ಇದ್ದಲ್ಲಿ ಹೋಗೂರು. ನೀವು ಹೋದ ಮ್ಯಾಲ ಯಾರು ನೋಡೂರು? ಅದಕ್ಕ ಶುರು ಮಾಡೂದ ಬ್ಯಾಡ," ಎಂಬುದು ಅವನ ವಾದ. ಈ ಸಲ ಕೂತವನು ಏಳಲಿಲ್ಲ.

"ಬಾಯಾರ, ನೀಲವ್ವನ ಮನಿ ಸಾಲಾ ಮಾಡಿ ತಗೊಂಡೀರಂತ?"

"ಹೌದು."

"ಎಷ್ಟ ವರ್ಷದ ಸಾಲರಿ?"

"ನಾನು ರಿಟೈರ್ ಆಗುವ ತನಕ."

ಹನಮಂತಪ್ಪ ಬೆರಳು ಮಡಚಿ ಏನನ್ನೋ ಎಣಿಸಿದ. ನನ್ನ ಮುಖ ನೋಡಿದ, ತನ್ನ ಕಾಲು ನೋಡಿಕೊಂಡ. ಆಮೇಲೆ ಕಂಬಳಿಯನ್ನು ಮಡಿಲಲ್ಲಿ ನೀಟಾಗಿ ಮಡಿಸಿಟ್ಟುಕೊಂಡ.

"ಹಂಗಾರ ಗುಳಿಗಿ ಬರೀರಿ," ಎಂದ.