ಮೇಲಿನ ಕೇರಿಯನ್ನು ಮಡಚಿದವರು

ಹದಿನೈದು ವರ್ಷಕ್ಕೂ ಮಿಕ್ಕಿ ನಕ್ಷೆ ಬರೆದುಕೊಟ್ಟ ನನ್ನನ್ನು ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋದ ಕಂಪನಿಯೊಂದು ತೊಂಬತ್ತರ ದಶಕದ ಆರಂಭದಲ್ಲಿ ಲೇಆಫ್ ಮಾಡಿತು. ಮೇಲಧಿಕಾರಿ ಎದ್ದು ನಿಂತು ಕೈಕುಲುಕಲಿಲ್ಲ. ಅದನ್ನು ನಾನು ಮರೆತಿಲ್ಲ. ಆದರೆ ಆ ಬಿಡುವು ಇಲ್ಲದಿದ್ದರೆ, ಲಾಂಗ್ ಬೀಚಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗ್ರೀಕ್ ವೃದ್ಧೆಯ ಹಳ್ಳಿಯನ್ನು ನಾನು ಕಾಣುತ್ತಲೇ ಇರಲಿಲ್ಲ.

ಕಂಡದ್ದು ಅವರ ಹಿತ್ತಿಲಿನ ಮೇಜಿನ ಮೇಲೆ. ಆಲಿವ್ ತಿಂದು ಉಳಿದ ಬೀಜಗಳನ್ನು ಅವರು ಒಂದೊಂದಾಗಿ ಇಟ್ಟು, ಇದು ಕಮ್ಮಾರನ ಮನೆ, ಇದು ಸೂಲಗಿತ್ತಿಯದು ಎನ್ನುತ್ತಿದ್ದರು. ಪರೀಕ್ಷಿಸಲೆಂದೇ ಒಂದು ವಾರ ಬಿಟ್ಟು ಮತ್ತೆ ಇಡಿಸಿದರೆ, ಬೀಜಗಳು ಅದೇ ಜಾಗಗಳಲ್ಲಿ ಬಂದು ಕೂರುತ್ತಿದ್ದವು. ಅಂಥ ನಿಖರತೆಯನ್ನು ನಾನು ಕಂಪನಿಯಲ್ಲಿಯೂ ಕಂಡವನಲ್ಲ.

ಹಳ್ಳಿಯ ಉತ್ತರಕ್ಕೆ ಕಡಲಿನ ಕೊಲ್ಲಿ, ದಕ್ಷಿಣಕ್ಕೆ ಬೆಟ್ಟ. ಕಡಲ್ಗಳ್ಳರ ಕಣ್ಣಿಗೆ ಬೀಳದಿರಲೆಂದು ಹಳಬರು ಬೆಟ್ಟದ ಮಡಿಲಲ್ಲಿ, ಬುಗ್ಗೆಯೊಂದರ ಸುತ್ತ ಮೇಲಿನ ಕೇರಿಯನ್ನು ಕಟ್ಟಿದರು. ಆ ಭಯ ಕಳೆದ ಮೇಲೆ ಒಣದ್ರಾಕ್ಷಿಯ ವ್ಯಾಪಾರ ಬಂತು. ಜನ ತೋಟಗಳ ಹತ್ತಿರಕ್ಕೆ ಇಳಿದರು, ಅಲ್ಲಿ ಕೆಳಗಿನ ಕೇರಿಯಾಯಿತು. ದ್ರಾಕ್ಷಿಯ ಬೆಲೆ ಕುಸಿದಾಗ, ದ್ರಾಕ್ಷಿ ಒಯ್ಯುತ್ತಿದ್ದ ಹಡಗುಗಳು ಮನುಷ್ಯರನ್ನು ಅಮೆರಿಕಕ್ಕೆ ಒಯ್ದವು. ಕೊನೆಗೆ ಭೂಕಂಪವೊಂದು ಮೇಲಿನ ಕೇರಿಯ ಗೋಡೆಗಳನ್ನು ಕೆಡವಿತು.

ಆ ಕೇರಿಯಲ್ಲಿ ಹುಟ್ಟಿದವರಲ್ಲಿ ಉಳಿದವರು ಈ ವೃದ್ಧೆಯೊಬ್ಬರೇ. ಸ್ಯಾನ್ ಡಿಯೇಗೋದಲ್ಲಿ ವಲಸೆ ಬಂದ ಹಳ್ಳಿಯವರು ಸೇರುವ ಹಾಲ್‌ನ ಗೋಡೆಗೆ ಒಂದು ನಕ್ಷೆ ಬೇಕಾಗಿತ್ತು. "ನಾನು ಹೋದ್ಮೇಲೆ ಅಲ್ಲೊಂದು ಕೇರಿ ಇತ್ತು ಅಂತ ಹೇಳೋಕೆ ಆ ಗೋಡೆ ಒಂದೇ, ಮಗಾ," ಎಂದರು. ನಾನು ಬರೆಯಲು ಒಪ್ಪಿಕೊಂಡೆ.

ಪೊಮೊನಾದಲ್ಲಿ ನಮ್ಮವರ ಯುಗಾದಿ ಊಟದಲ್ಲಿ ಈ ವಿಷಯ ತಿಳಿದು ಬೆಂಗಳೂರಿನ ಟೆಲಿಕಾಂ ಎಂಜಿನಿಯರನೊಬ್ಬ, "ಯಾರ್ದೋ ಊರಿನ ಮ್ಯಾಪ್ ನಿಮಗ್ಯಾಕೆ ಅಂಕಲ್? ರೆಸ್ಯೂಮೆ ಅಪ್‌ಡೇಟ್ ಮಾಡಿ," ಎಂದು ನಕ್ಕ. ಆಗ ಅವನ ತಟ್ಟೆಯಲ್ಲಿದ್ದದ್ದು ನನ್ನ ಹೆಂಡತಿ ಮಾಡಿದ ನಮ್ಮೂರಿನ ಪತ್ರೊಡೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ನಕ್ಷೆಯಲ್ಲಿ ಉತ್ತರವನ್ನು ಮೇಲಿಟ್ಟೆ. ಚೊಂಬನ್ನು ಸರಿಸಬೇಕಾದರೂ "ಸ್ವಲ್ಪ ತೆಂಕು ಬದಿಗೆ ಇಡು" ಎನ್ನುವ ಉಡುಪಿಯ ಕಡೆಯವನು ನಾನು. ದಿಕ್ಕಿನ ವಿಷಯದಲ್ಲಿ ರಾಜಿಯಿಲ್ಲ. ಪರಿಣಾಮವಾಗಿ ಕಡಲು ಹಾಳೆಯ ತಲೆಗೆ ಹೋಯಿತು, ಬೆಟ್ಟವೂ ಮೇಲಿನ ಕೇರಿಯೂ ಬುಡಕ್ಕೆ ಬಂದವು. ಅವರು ಕನ್ನಡಕ ಏರಿಸಿ ನೋಡಿ, "ನಿಮ್ಮೂರಲ್ಲಿ ನೀರು ಗುಡ್ಡ ಹತ್ತುತ್ತೇನೋ?" ಎಂದರು. ನಾನು ಬದಲಿಸಲಿಲ್ಲ.

ಹಳ್ಳಿಯವರೆಲ್ಲ ಹಾಲ್‌ನಲ್ಲಿ ಸೇರುವ ಅವರ ಹಬ್ಬದ ದಿನ ವೃದ್ಧೆಯನ್ನು ನಾನೇ ಕಾರಿನಲ್ಲಿ ಸ್ಯಾನ್ ಡಿಯೇಗೋಕ್ಕೆ ಕರೆದೊಯ್ದೆ. ಮೊದಲೇ ಕಳಿಸಿದ್ದ ನಕ್ಷೆ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಅದರಲ್ಲಿ ಮೇಲಿನ ಕೇರಿ ಇರಲಿಲ್ಲ.

ಹಾಲ್ ನೋಡಿಕೊಳ್ಳುತ್ತಿದ್ದ ನಡುವಯಸ್ಸಿನವನು ಓಡಿಬಂದು ಇಂಗ್ಲಿಷಿನಲ್ಲಿ ಹೇಳಿದ. "ಫ್ರೇಮ್ ಸಣ್ಣದಾಯ್ತು ಅತ್ತೆ. ಬುಡದಲ್ಲಿ ಬರೀ ಪಾಳುಗೋಡೆ ತಾನೆ? ಹಿಂದಕ್ಕೆ ಮಡಚಿದೆ." ಆಮೇಲೆ ನನ್ನ ಕಡೆ ನೋಡಿ, "ನಿಮ್ಮ ಡ್ರೈವರ್‌ಗೆ ಕಾಫಿ ಕೊಡ್ಲಾ?" ಎಂದ.

ಡ್ರೈವರ್! ನಾನು ಬಾಯಿ ತೆರೆಯುವ ಮೊದಲೇ ವೃದ್ಧೆಯ ಊರುಗೋಲು ನೆಲಕ್ಕೆ ಬಡಿಯಿತು. ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿಯೇ ಗದರಿದರು.

"ಭೂಕಂಪ ಆದ್ಮೇಲೆ ನಾವೂ ಕೆಳಗೆ ಬಂದ್ವಿ. ಮೇಲೆ ಒಂದು ನಾಯಿಯೂ ಇರಲಿಲ್ಲ. ಬುಗ್ಗೆ ನೀರಿನ ಮೊದಲ ಸರದಿ ಮೇಲಿನವರದು, ಬೆಳಗಿನ ಚರ್ಚ್ ಗಂಟೆ ಹೊಡೆಯೋವರೆಗೆ. ಯಾರೂ ಇಲ್ವಲ್ಲ ಅಂತ ಕೆಳಗಿನ ಕೇರಿಯ ನಿಮ್ಮಜ್ಜ ತೂಬು ಮುರಿದು ನೀರು ತಗೊಂಡನಾ? ಇಲ್ಲ. ದ್ರಾಕ್ಷಿ ಒಣಗ್ತಾ ಇದ್ರೂ ಗುದ್ದಲಿ ಹಿಡ್ಕೊಂಡು ಗಂಟೆಗೆ ಕಾಯ್ತಿದ್ದ, ಕಣ್ಣಾರೆ ನೋಡಿದೀನಿ. ಅವನು ಖಾಲಿ ಕೇರಿಗೆ ನೀರು ಬಿಟ್ಟ. ನಿನಗೆ ಒಂದು ಗೇಣು ಕಾಗದ ಬಿಡೋಕಾಗಲ್ವೇನೋ?"

ಈ ಪದ್ಧತಿಯ ಮಾತನ್ನು ನಾನೂ ಮೊದಲ ಸಲ ಕೇಳುತ್ತಿದ್ದೆ. ನೀರಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ಕಂಡವನು ನಾನು. ಅಲ್ಲಿ ಇಲ್ಲದವರ ಪಾಲಿಗೆ ಕೈಹಾಕದೆ ನಿಂತ ಆ ಜನರ ಎದುರು ನನ್ನ ಕೋಪ ಕೂಡ ಚಿಕ್ಕದಾಗಿ ಕಂಡಿತು. ಪೂರ್ತಿ ಹೋಯಿತೆಂದು ಹೇಳಲಾರೆ.

ಅವನು ಚೌಕಟ್ಟನ್ನು ಇಳಿಸಿ, ಹಿಂಬದಿಯ ಮೊಳೆಗಳನ್ನು ಕಿತ್ತು, ಹಾಳೆಯನ್ನು ಬಿಡಿಸಿದ. ಗಾಜಿಲ್ಲದೆ, ಬರಿಯ ಪಿನ್ನುಗಳಿಂದ ಪೂರ್ತಿ ನಕ್ಷೆಯನ್ನು ಗೋಡೆಗೆ ಹಚ್ಚಿದ. ಆಮೇಲೆ ಅದರ ಬುಡದಲ್ಲಿ ಮಂಡಿಯೂರಿ, "ನಮ್ಮ ಮುತ್ತಜ್ಜಿ ಮೇಲಿನ ಕೇರಿಯವಳಂತೆ. ಮನೆ ಎಲ್ಲಿ, ಅತ್ತೆ?" ಎಂದು ಕೇಳಿದ.

"ಬುಗ್ಗೆಯಿಂದ ಎರಡನೇದು. ಬಾಗಿಲು ಕಡಲಿನ ಕಡೆಗಲ್ಲ, ಬೆಟ್ಟದ ಕಡೆಗೆ. ಬೆರಳು ತೆಗಿ, ಅದು ಕತ್ತೆ ಕೊಟ್ಟಿಗೆ."

ಹಾಲ್ ತುಂಬ ನಗು ಎದ್ದಿತು. ಅವನೂ ನಕ್ಕ, ನಗುತ್ತಲೇ ಬೆರಳನ್ನು ಸರಿಯಾದ ಮನೆಯ ಮೇಲೆ ಇಟ್ಟು, ಬಹಳ ಹೊತ್ತು ಅಲ್ಲಿಯೇ ಬಿಟ್ಟ.