ದನಿ ಕುಗ್ಗಿದ ರೇಡಿಯೊ

ನಮ್ಮ ಮನೆಯ ರೇಡಿಯೊ ಕೆಟ್ಟಿದೆ ಎಂದು ಶಹಾಬಾದದ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏಕೆ ಕೆಟ್ಟಿದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಗೊತ್ತಿತ್ತು. ಚಹಾದಂಗಡಿಯವನ ಪ್ರಕಾರ ಸೆಲ್ಲು ಮಾಡುವ ಕಂಪನಿಗಳು ಒಳಗಿನ ಮಸಾಲೆಯನ್ನು ಕಡಿಮೆ ಮಾಡಿದ್ದವು. ದರ್ಜಿಯ ಪ್ರಕಾರ ಪರದೇಶದ ರೇಡಿಯೊಕ್ಕೆ ಮಾತ್ರ ಗಂಟಲಿರುತ್ತದೆ, ನಮ್ಮಲ್ಲಿ ತಯಾರಾಗುವುದು ಬರೀ ಡಬ್ಬಿ. ಎದುರು ಮನೆಯ ಮುದುಕಿ, ಸಿಮೆಂಟ್ ಧೂಳು ಒಳಗೆ ಹೋಗಿ ರೇಡಿಯೊಕ್ಕೆ ದಮ್ಮು ಹತ್ತಿದೆ ಎಂದಳು. ಆಗ ನಾನು ನಕ್ಕಿದ್ದೆ. ಈಗ ನೆನೆದರೆ ಇಡೀ ಓಣಿಯಲ್ಲಿ ನಿಜದ ಹತ್ತಿರ ಸುಳಿದವಳು ಅವಳೊಬ್ಬಳೇ, ಅವಳೂ ಪೂರ್ತಿ ಮುಟ್ಟಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಹೆಚ್ಚು ದಿನಗಳಾಗಿರಲಿಲ್ಲ. ನಾನು ತರಬೇತಿ ಮುಗಿಸಿ ಊರಿನ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಆ ರೇಡಿಯೊ ಕೊಂಡವಳೂ ನಾನೇ. ಆಗ ರೇಡಿಯೊ ಇಡಲು ಬೇಕಿದ್ದ ಲೈಸೆನ್ಸ್ ಮಾತ್ರ ಅಪ್ಪನ ಹೆಸರಿನಲ್ಲಿತ್ತು. ಅಂಚೆ ಕಚೇರಿಯವರು ಕೊಟ್ಟ ಆ ಪುಸ್ತಕವನ್ನು ಅಪ್ಪ ಹೊಲದ ಕಾಗದಪತ್ರಗಳ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ರೇಡಿಯೊ ಇಡಲೆಂದು ನೆಲಕ್ಕೆ ಹಾಸುವ ಒಂದು ಪರಸಿ ಕಲ್ಲನ್ನು ತಾವೇ ಪಾಲಿಶ್ ಮಾಡಿ ಗೋಡೆಯ ಮಾಡದಲ್ಲಿ ಕೂಡಿಸಿದ್ದರು. ಸಂಜೆಯ ವಾರ್ತೆಗೆ ಐದು ನಿಮಿಷ ಮೊದಲೇ ಕೈಕಾಲು ತೊಳೆದು, ವಿಭೂತಿ ಹಚ್ಚಿ ಅದರ ಮುಂದೆ ಕೂಡುತ್ತಿದ್ದರು. ಓದಲು ಬಾರದ ಅಪ್ಪನಿಗೆ ದೆಹಲಿ, ಬೆಂಗಳೂರುಗಳ ಸುದ್ದಿಯೆಲ್ಲ ಗೊತ್ತಿರುವುದು ನೋಡಿ ನನಗೆ ಹೆಮ್ಮೆಯೆನಿಸುತ್ತಿತ್ತು.

ಅಪ್ಪನ ಕೆಲಸವೇ ಕೇಳುವುದಾಗಿತ್ತು. ಊರ ಹೊರಗಿನ ಒಂದು ಪರಸಿ ಖಣಿಯಲ್ಲಿ ಅವರು ಮುಖ್ಯ ಆಳು. ನಮ್ಮ ಕಡೆಯ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಕೆಳಗಿನ ಪದರ ಎತ್ತುತ್ತ ಹೋದಂತೆ ಸುತ್ತ ಗೋಡೆ ಏಳುತ್ತದೆ. ಆ ಗೋಡೆ ಯಾವಾಗ ಸಡಿಲಾಗುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ದಿನಾಲು ಮುಂಜಾನೆ ಯಾರೂ ಇಳಿಯುವ ಮೊದಲು ಅಪ್ಪ ಒಬ್ಬರೇ ಹಾರೆ ಹಿಡಿದು ಇಳಿದು, ಗೋಡೆಯನ್ನು ಮಾರಿಗೊಂದು ಕಡೆ ಬಾರಿಸುತ್ತ ಹೋಗುತ್ತಿದ್ದರು. ಮೇಲೆ ನಲವತ್ತು ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಬಂಡಿಯ ಎತ್ತುಗಳ ಗೆಜ್ಜೆಗೆ ಅರಿವೆ ತುರುಕುತ್ತಿದ್ದರು. ಕೆಮ್ಮು ಬಂದವನು ದೂರ ಹೋಗಿ ಕೆಮ್ಮಿ ಬರಬೇಕು. ಅಪ್ಪ ಕೈ ಎತ್ತಿದರೆ ಎಲ್ಲರೂ ಇಳಿಯಬೇಕು, ಅಡ್ಡಡ್ಡ ಬೀಸಿದರೆ ಆ ದಿನ ಆ ಬದಿಗೆ ಯಾರೂ ಹೋಗುವಂತಿಲ್ಲ.

ನಾನು ಸಣ್ಣವಳಿದ್ದಾಗ ಬುತ್ತಿ ಒಯ್ದರೆ ನನಗೂ ಕಲ್ಲು ಬಾರಿಸಿ ತೋರಿಸುತ್ತಿದ್ದರು.

"ಗಟ್ಟಿ ಇದ್ರ ಗಂಟಿ ಹಾಂಗ ಅಂತದ. ಪೊಳ್ಳಿದ್ರ ಒಡಕ ಮಡಿಕಿ ಹಾಂಗ ಬೊದ್ ಅಂತದ. ಇಷ್ಟ ನೋಡು ನನ್ನ ಸಾಲಿ," ಎನ್ನುತ್ತಿದ್ದರು.

ಅದೇ ಖಣಿಯಲ್ಲಿ ನನ್ನ ಅಣ್ಣನೂ ಕೆಲಸಕ್ಕಿದ್ದ. ಮದುವೆಯಾಗಿ ವರ್ಷವಾಗಿತ್ತು. ಎಲ್ಲರಿಗಿಂತ ಮೊದಲು ಅವನೇ ಇಳಿಯುತ್ತಿದ್ದ, ಅಪ್ಪನ ಕೈಯ ಮೇಲೆ ಅವನಿಗೆ ಅಷ್ಟು ಭರವಸೆ.

ರೇಡಿಯೊ ಬಂದ ಮುಂದಿನ ವರ್ಷ ಮಾಲಕ ಖಣಿಯ ದಂಡೆಗೆ ಕಲ್ಲು ಕೊಯ್ಯುವ ಮಷೀನು ತಂದು ಹಾಕಿಸಿದ. ತಗಡಿನ ಶೆಡ್ಡು, ಡೀಸೆಲ್ ಎಂಜಿನು, ದೊಡ್ಡ ಗಾಲಿ. ಮುಂಜಾನೆ ಕಲ್ಲು ಕೇಳಿದ ಮೇಲೆ ಉಳಿದ ಹೊತ್ತು ಮಷೀನಿನ ಮೇಲೆ ಇರುವಂತೆ ಅಪ್ಪನಿಗೇ ಹೇಳಿದ. ಅಪ್ಪ ಅದನ್ನು ಬಡ್ತಿಯೆಂದೇ ತಿಳಿದರು. ಶೆಡ್ಡಿನೊಳಗೆ ಒಮ್ಮೆ ಹೋಗಿ ನಿಂತಾಗ ನನ್ನ ದವಡೆ ಹಲ್ಲುಗಳು ನಡುಗಿದವು, ಹೊರಗೆ ಬಂದ ಮೇಲೂ ಗಳಿಗೆ ಹೊತ್ತು ಯಾರ ಮಾತೂ ಸರಿಯಾಗಿ ಕೇಳಿಸಲಿಲ್ಲ. ಅಪ್ಪ ಮಾತ್ರ ಅದರ ಮುಂದೆ ಮಗನ ಮದುವೆಯಲ್ಲಿ ನಿಂತಂತೆ ನಿಂತಿದ್ದರು. ಹಳೆಯ ಆಳುಗಳು ಗೊಣಗಿದರೆ ಅವರದು ಒಂದೇ ಉತ್ತರ: "ಮನಷ್ಯಾ ಸುಳ್ಳ ಹೇಳ್ತಾನ, ಮಷೀನ್ ಹೇಳಂಗಿಲ್ಲ."

ಎರಡು ವರ್ಷವಾಗುವಷ್ಟರಲ್ಲಿ ರೇಡಿಯೊದ ದನಿ ಕುಗ್ಗತೊಡಗಿತು. ಹಾಗೆಂದವರು ಅಪ್ಪ. ಗುಂಡಿಯನ್ನು ದಿನಕ್ಕಿಷ್ಟು ತಿರುವಿದರು. ಓಣಿಯ ಆ ತುದಿಯವರು ನಮ್ಮ ರೇಡಿಯೊದಲ್ಲೇ ವಾರ್ತೆ ಕೇಳುವಂತಾಯಿತು, ಅಪ್ಪನಿಗೆ ಇನ್ನೂ ಸಣ್ಣದು. ಸೆಲ್ಲು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆವು. ಹೊಸ ಸೆಲ್ಲು ಹಾಕಿದೆವು. ಅಪ್ಪ ಕಂಪನಿಯವರಿಗೆಲ್ಲ ಬೈದರು. ಮೊದಲಿನ ಮಾಲು ಈಗಿಲ್ಲ, ಮಂದಿ ಕೊಳ್ಳುತ್ತಾರೆಂದು ಗೊತ್ತಾದ ಕೂಡಲೇ ಇವರು ತಗಡು ತೆಳ್ಳಗೆ ಮಾಡುತ್ತಾರೆ ಎಂದರು. ಆಮೇಲೆ ಸರದಿ ಬಾಗಿಲ ಚಿಲಕದ್ದು. ಅದು ಬಡಿದರೆ ಸಪ್ಪಳವೇ ಆಗುವುದಿಲ್ಲವಂತೆ. ಕೊನೆಗೆ ಅವ್ವನ ಸರದಿ ಬಂತು, ಅವಳು ಬಾಯೊಳಗೇ ಮಾತು ನುಂಗುತ್ತಾಳೆ ಎಂದು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ವಿವರಿಸಿ ಹೇಳಿ ಬಂದ ದಿನವೇ ಮನೆಯಲ್ಲಿ ಇವೆಲ್ಲ ದೂರು ಕೇಳಿದ್ದೇನೆ, ಆದರೂ ನನಗೆ ಹೊಳೆಯಲಿಲ್ಲ. ಅಪ್ಪನ ಕಿವಿಯ ಮೇಲೆ ಅನುಮಾನ ಪಡುವುದೆಂದರೆ ಸೂರ್ಯನ ಮೇಲೆ ಪಟ್ಟಂತೆ.

ಮಳೆಗಾಲದ ಒಂದು ರವಿವಾರ ರೇಡಿಯೊ ಚೀಲಕ್ಕೆ ಹಾಕಿಕೊಂಡು ರೈಲಿನಲ್ಲಿ ವಾಡಿಗೆ ಹೋದೆ. ಅಲ್ಲಿ ಸ್ಟೇಷನ್ನಿನ ರಸ್ತೆಯಲ್ಲಿ ರೇಡಿಯೊ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಅವರ ಕೈಗುಣದ ಬಗ್ಗೆ ಚಿತ್ತಾಪುರ, ಸೇಡಂವರೆಗೂ ಹೆಸರಿತ್ತು. ಅವರು ಹಿಂಬದಿ ಬಿಚ್ಚಿದರು, ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರು, ಮತ್ತೆ ಮುಚ್ಚಿ ಗುಂಡಿ ತಿರುವಿದರು. ಅಂಗಡಿಯ ತುಂಬ ದನಿ ತುಂಬಿತು.

"ಇದು ಬರೋಬ್ಬರಿ ಅದರಿ ಅಕ್ಕೋರೆ. ಒಳಗ ಧೂಳ ಸುದ್ಧಾ ಇಲ್ಲ. ಮನ್ಯಾಗ ಇದನ್ನ ಯಾರ್ ಕೇಳ್ತಾರ?" ಎಂದು ಕೇಳಿದರು.

"ನಮ್ಮಪ್ಪ ಕೇಳ್ತಾರ್ರಿ."

"ಏನ್ ಕೆಲಸ ಮಾಡ್ತಾರ?"

"ಪರಸಿ ಖಣ್ಯಾಗ ಇದ್ದಾರ. ಈಗ ಎರಡ ವರ್ಷಾತು, ಕಲ್ಲ ಕೊಯ್ಯೋ ಮಷೀನ್ ಮ್ಯಾಲ ಇರ್ತಾರ."

ಅವರು ಕೈಯಲ್ಲಿದ್ದ ತಿರುಪುಳಿಯನ್ನು ಕೆಳಗಿಟ್ಟರು. "ಹಂಗಿದ್ರ ಮುಂದಿನ ಸಲ ರೇಡಿಯೊ ತರಬ್ಯಾಡ್ರಿ. ಅವರನ್ನ ಡಾಕ್ಟರ್ ಹಂತ್ಯಾಕ ಕರಕೊಂಡ್ ಹೋಗ್ರಿ. ನನ್ನ ತಮ್ಮ ರೈಲ್ವೆ ಎಂಜಿನ್ ಮ್ಯಾಲ ಇದ್ದ. ಅವಂದೂ ಹಿಂಗೇ ಆಗ್ಯಾದ. ಮನ್ಯಾಗಿನ ಸಾಮಾನೆಲ್ಲ ಖರಾಬ್ ಅಂತಿದ್ದ."

ನನಗೆ ಸಿಟ್ಟು ಬಂತು. ನಮ್ಮಪ್ಪನ ಕಿವಿಯ ಮೇಲೆ ನಲವತ್ತು ಮಂದಿಯ ಜೀವ ನಡೆದಿದೆ, ನಿಮಗೇನು ಗೊತ್ತು ಎಂದು ಅಂದೂ ಬಿಟ್ಟೆ. ಅವರು ರೇಡಿಯೊವನ್ನು ನನ್ನತ್ತ ಸರಿಸಿದರು. ನಾನು ಆಡಿದ ಮಾತಿನ ಅರ್ಥ ನನಗೇ ತಿಳಿದದ್ದು ವಾಪಸು ರೈಲು ಹತ್ತಿ ಕುಳಿತ ಮೇಲೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ನಾವು ಸೆಲ್ಲಿನಲ್ಲಿ, ಕಂಪನಿಯಲ್ಲಿ, ಧೂಳಿನಲ್ಲಿ ಹುಡುಕುತ್ತಿದ್ದುದು ನಮ್ಮ ಪಕ್ಕದಲ್ಲೇ ಕುಳಿತು ರೊಟ್ಟಿ ಮುರಿಯುತ್ತಿತ್ತು. ಕಿಟಕಿಯಾಚೆ ಮಳೆಗೆ ತುಂಬಿದ ಹಳೆಯ ಖಣಿಗಳು ಒಂದಾದ ಮೇಲೊಂದು ಬಂದವು. ನನಗೆ ಅವನ್ನು ನೋಡಲು ಹೆದರಿಕೆಯಾಯಿತು.

ಮನೆ ಮುಟ್ಟುವ ಮೊದಲೇ ರೇಡಿಯೊದಿಂದ ಸೆಲ್ಲು ತೆಗೆದು ಚೀಲದ ತಳಕ್ಕೆ ಹಾಕಿದೆ. ಮಗಳು ತಂದೆಯನ್ನು ಹೀಗೆ ಪರೀಕ್ಷೆ ಮಾಡಬಾರದು, ಗೊತ್ತು. ಆದರೂ ಮಾಡಿದೆ. ವಾರ್ತೆಯ ಹೊತ್ತಿಗೆ ಅಪ್ಪ ಬಂದು ಕುಳಿತರು. ರಿಪೇರಿಯಾಯಿತು ಎಂದು ಕೈಸನ್ನೆ ಮಾಡಿದೆ. ಅವರು ಗುಂಡಿ ತಿರುವಿದರು, ರೇಡಿಯೊ ಎತ್ತಿ ಕಿವಿಗೆ ಹಿಡಿದರು, ಮೆಲ್ಲಗೆ ತಲೆಯಾಡಿಸಿದರು.

"ಹಾಂ, ಈಗ ಸ್ವಚ್ಛ ಆತು ನೋಡು," ಎಂದರು.

ಹತ್ತು ನಿಮಿಷ ಹಾಗೆಯೇ ಕುಳಿತಿದ್ದರು. ಸೆಲ್ಲಿಲ್ಲದ ರೇಡಿಯೊವನ್ನು ಕಿವಿಗೆ ಹಿಡಿದು ಕುಳಿತ ಅಪ್ಪನನ್ನು ನೋಡುತ್ತ ನಾನೂ ಅಲ್ಲೇ ಕುಳಿತಿದ್ದೆ. ಕೇಳುವುದಿಲ್ಲ ಎನ್ನುವುದಕ್ಕಿಂತ, ಕೇಳುವುದಿಲ್ಲವೆಂದು ಅವರಿಗೂ ಗೊತ್ತಿದೆ ಎನ್ನುವುದೇ ನನ್ನನ್ನು ಹೆಚ್ಚು ಹೆದರಿಸಿತು.

ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ. ಮುಂಜಾನಿ ಕಾರ್ಖಾನಿ ಭೋಂಗಾ ಆದಾಗ ನಾ ಯಾಕ ಚಾದ ಕಪ್ಪ ಅವರ ಮುಂದ ಇಡ್ತೀನಿ ಅಂದ್ಕೊಂಡಿ?" ಎಂದಳು.

ಅಪ್ಪ ಕಾರ್ಖಾನೆಯ ಆ ಸೈರನ್ನಿಗೆ ಸರಿಯಾಗಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು, ಇಪ್ಪತ್ತು ವರ್ಷದ ರೂಢಿ ಅದು. ಈಗ ಅವರು ಚಹಾದ ಕಪ್ಪು ನೋಡಿ ಕೀಲಿ ಕೊಡುತ್ತಿದ್ದರು. ಗಂಡ ಹೆಂಡತಿ ಒಂದೇ ಒಂದು ಮಾತಾಡದೆ ಈ ಏರ್ಪಾಡು ಮಾಡಿಕೊಂಡು ನಮ್ಮ ಕಣ್ಣ ಮುಂದೆಯೇ ತಿಂಗಳುಗಟ್ಟಲೆ ನಡೆಸಿದ್ದರು.

"ಅಣ್ಣ ಅವರ ಕೈ ನೋಡಿ ಕೆಳಗ ಇಳೀತಾನವ್ವ," ಎಂದೆ.

ಅವಳ ಕೈ ಆಗ ನಿಂತಿತು. "ಕಿವಿ ಹೋಗ್ಯಾದಂತ ಮಂದಿಗಿ ಗೊತ್ತಾದ್ರ ಅವರು ಭಾಳ ದಿನ ಬದಕಂಗಿಲ್ಲ. ಸುಮ್ನಿರು. ದೇವರಿದ್ದಾನ," ಎಂದಳು.

ನನಗೆ ಅವಳ ಮೇಲೂ ದೇವರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಹೇಳಿದರೆ ಅಪ್ಪ ಹೋಗುತ್ತಾರೆ, ಹೇಳದಿದ್ದರೆ ಅಣ್ಣ. ನುಂಗುವಂತಿಲ್ಲ, ಉಗುಳುವಂತಿಲ್ಲ. ಅಣ್ಣನಿಗೇ ಹೇಳಿ ನೋಡಿದೆ. ಅವನು ನಕ್ಕ. "ಅಪ್ಪಗ ರೇಡಿಯೊ ಕೇಳಸಲಿಕ್ಕಿಲ್ಲ, ಕಲ್ಲ ಕೇಳಸ್ತದ. ಅದು ಬ್ಯಾರೆ, ಇದು ಬ್ಯಾರೆ," ಎಂದ.

ಮರುದಿನ ಶಾಲೆಗೆ ಹೊರಡುವ ಮೊದಲು ಬುತ್ತಿ ಕೊಡುವ ನೆವದಲ್ಲಿ ಖಣಿಗೆ ಹೋದೆ. ಹಿಂದಿನ ನಾಲ್ಕು ದಿನ ಜಿಟಿಜಿಟಿ ಮಳೆ ಸುರಿದು ಅಂದು ಬಿಸಿಲು ಬಿದ್ದಿತ್ತು. ಮಷೀನು ಇನ್ನೂ ಸುರುವಾಗಿರಲಿಲ್ಲ. ಎತ್ತಿನ ಗೆಜ್ಜೆಗೆ ಅರಿವೆ ತುರುಕಿದ್ದರು. ನಲವತ್ತು ಮಂದಿ ಬಾಯಿ ಮುಚ್ಚಿ ನಿಂತಿದ್ದರು, ಅಣ್ಣ ಎಲ್ಲರಿಗಿಂತ ಮುಂದೆ, ಇಳಿಯುವ ದಾರಿಯ ಬಾಯಲ್ಲೇ. ಕೆಳಗೆ ಅಪ್ಪ ಗೋಡೆ ಬಾರಿಸುತ್ತ ಹೊರಟಿದ್ದರು. ಬಾರಿಸಿ, ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ, ಮತ್ತೆ ಮುಂದೆ. ನಾನು ಚಿಕ್ಕಂದಿನಿಂದ ನೋಡಿದ ಅದೇ ಭಂಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲ ಕಡೆ ಕಲ್ಲು ಗಂಟೆಯಂತೆ ನುಡಿಯಿತು. ಅಣ್ಣ ಹೇಳಿದ್ದೇ ಖರೆಯಿರಬಹುದು ಎಂದು ನನ್ನ ಎದೆ ಹಗುರಾಯಿತು.

ಪಡುವಣ ಮೂಲೆಗೆ ಬಂದು ಅಪ್ಪ ಹಾರೆ ಬೀಸಿದರು. ಬೊದ್ ಎಂದಿತು.

ಅಪ್ಪ ತಲೆ ವಾಲಿಸಿದರು, ಕಣ್ಣು ಮುಚ್ಚಿದರು. ಮತ್ತೊಮ್ಮೆ ಬಾರಿಸಿದರು. ಬೊದ್. ನನ್ನ ಸುತ್ತ ನಿಂತವರಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು, ಆದರೆ ಅಪ್ಪ ಬಾರಿಸುವಾಗ ಮಾತಾಡುವ ಪದ್ಧತಿಯೇ ಅಲ್ಲಿರಲಿಲ್ಲ. ತಮ್ಮ ಕಿವಿಗಿಂತ ಅವರಿಗೆ ಅಪ್ಪನ ಕೈ ಹೆಚ್ಚು. ಅಪ್ಪ ಗೋಡೆಗೆ ಮುಖ ಮಾಡಿದಂತೆಯೇ ಕೈ ಎತ್ತಿದರು. ಅಣ್ಣ ಕೆಳಗೆ ಕಾಲಿಟ್ಟ.

"ಇಳೀಬ್ಯಾಡ್ರಿ," ಎಂದು ಕೂಗಿದೆ.

ಆ ಖಣಿಯಲ್ಲಿ ಆ ಹೊತ್ತಿನಲ್ಲಿ ಯಾರೂ ಯಾವತ್ತೂ ಕೂಗಿರಲಿಲ್ಲ. ನನ್ನ ದನಿ ಗೋಡೆಗೆ ಬಡಿದು ಎರಡು ಸಲ ತಿರುಗಿ ಬಂತು. ಎತ್ತುಗಳು ಬೆದರಿ ಬಂಡಿ ಜಗ್ಗಿದವು. ನಲವತ್ತು ಮಂದಿಯೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ನಮಗೆ ಬೆನ್ನು ಮಾಡಿ, ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ತಿರುಗಲಿಲ್ಲ. ಅಷ್ಟು ಸಾಕಾಯಿತು. ಯಾರಿಗೂ ನಾನು ಏನೂ ವಿವರಿಸಬೇಕಾಗಲಿಲ್ಲ.

ಅಣ್ಣನೇ ಓಡಿ ಹೋಗಿ ಅವರ ರಟ್ಟೆ ಹಿಡಿದು ಮೇಲೆ ಕರೆತಂದ. ಮೂರನೆಯ ದಿನ ಆ ಮೂಲೆ ಕುಸಿಯಿತು, ಕೆಳಗೆ ಯಾರೂ ಇರಲಿಲ್ಲ. ಊರಲ್ಲಿ ನನ್ನನ್ನು ಹೊಗಳಿದರು. ನಾನು ಕೂಗಿದ ದಿನವೇ ಮಾಲಕ ಮುಂಜಾನೆ ಕಲ್ಲು ಕೇಳುವುದಕ್ಕೆ ಅಣ್ಣನನ್ನು ನೇಮಿಸಿದ್ದ. ಉಳಿದ ಹೊತ್ತು ಮಷೀನೂ ಅವನದೇ ಎಂದ, ಮನೆತನದ ಕೆಲಸ ಮನೆತನದಲ್ಲೇ ಉಳಿಯಲಿ ಎಂದು. ಅಣ್ಣ ಹೂಂ ಎಂದು ಬಂದ. ಮಷೀನು ಏನು ಮಾಡಿತೆಂದು ಅವನಿಗೂ ಮಾಲಕನಿಗೂ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ವಯಸ್ಸಾದ ಮೇಲೆ ಎಲ್ಲರ ಕಿವಿಯೂ ಮಂದವಾಗುತ್ತದೆ ಎಂದರು. ಅಪ್ಪನಿಗೆ ಆಗ ಐವತ್ತೂ ತುಂಬಿರಲಿಲ್ಲ.

ಗೋಡೆ ಕುಸಿದ ದಿನ ಸಂಜೆ ಅಪ್ಪ ನನ್ನನ್ನು ಹತ್ತಿರ ಕರೆದರು. ಮೂರು ದಿನ ನನ್ನ ಮುಖ ನೋಡಿರಲಿಲ್ಲ. ನನಗೆ ಬೈಯಲಿ ಎಂದು ಕಾಯುತ್ತಿದ್ದೆ, ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನಿನಗ ಹ್ಯಾಂಗ ಕೇಳಿಸ್ತು?" ಎಂದು ಕೇಳಿದರು.

ನಾನು ಮೂಲೆಯಲ್ಲಿದ್ದ ಒಡಕು ಮಡಕೆ ತಂದು ಅವರ ಮುಂದೆ ಬೆರಳಿನಿಂದ ಬಾರಿಸಿ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡಿದರು. ಕೈ ಚಾಚಿ ಮಡಕೆಯ ಮೇಲೆ ಅಂಗೈ ಇಟ್ಟರು.

"ನನಗ ಗಂಟಿ ಹಾಂಗ ಕೇಳಿಸ್ತು," ಎಂದರು. ಆಮೇಲೆ, ಎಷ್ಟೋ ದಿನದ ದಣಿವನ್ನು ಕೆಳಗಿಳಿಸಿದಂತೆ ಗೋಡೆಗೆ ಒರಗಿ ಹೇಳಿದರು: "ವರ್ಷಾತವ್ವ. ಎಲ್ಲಾ ಕಲ್ಲೂ ನನಗ ಗಂಟಿ ಹಾಂಗೇ ಕೇಳಸ್ತಾವ. ಬಾರಸ್ದಿದ್ರೂ ಕೇಳಸ್ತಾವ. ಈಗೂ ಕೇಳಸ್ಲಿಕತ್ತಾದ."

ಆ ವರ್ಷವೆಲ್ಲ ನಲವತ್ತು ಮಂದಿ ದಿನಾಲು ಆ ಗಂಟೆ ಕೇಳಿ ಇಳಿದಿದ್ದರು. ಅಷ್ಟರಲ್ಲಿ ಅಣ್ಣ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಮೈಯೆಲ್ಲ ಕಲ್ಲಿನ ಹಿಟ್ಟು. ನಾನು ನೀರು ಬೇಕೇ ಎಂದು ಕೇಳಿದೆ. ಅವನು ಕಿರುಬೆರಳು ಕಿವಿಗೆ ಹಾಕಿ ಅಲುಗಾಡಿಸುತ್ತ, "ಏನಂದಿ?" ಎಂದ.